ಬಿಟ್ಟಿ ಯಾರದು?

ಬೆಳಗ್ಗೆ ಎಂಟೂವರೆಗೆ ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತುವವರಿಗೆ ಈ ದೃಶ್ಯ ಹೊಸದೇನಲ್ಲ. ಮನೆಗೆಲಸಕ್ಕೆ ಹೊರಟ ಹೆಂಗಸು ಆಧಾರ್ ಕಾರ್ಡು ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ. ಪಕ್ಕದಲ್ಲಿ ನಿಂತ ಗೃಹಸ್ಥರು, ‘ನಮ್ಮ ತೆರಿಗೆ ದುಡ್ಡಲ್ಲಿ ಇವರದ್ದು ಬಿಟ್ಟಿ ತಿರುಗಾಟ’ ಎಂದು ಗೊಣಗುತ್ತಾರೆ. ಮೊನ್ನೆ ನಾವಿದ್ದ ಬಸ್ಸಿನ ಹೆಂಗಸು ಮಾತ್ರ ಸುಮ್ಮನಿರಲಿಲ್ಲ. ‘ಸೋಪು ತಗೊಂಡ್ರೆ ನಾನೂ ತೆರಿಗೆ ಕಟ್ತೀನಿ ಸಾರ್’ ಎಂದುಬಿಟ್ಟರು. ಪರೋಕ್ಷ ತೆರಿಗೆಯ ಬಗ್ಗೆ ನಾವು ತರಗತಿಯಲ್ಲಿ ಒಂದು ಗಂಟೆ ಕೊರೆಯುತ್ತಿದ್ದುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಬಿಟ್ಟಿ ಎಂಬ ಪದಕ್ಕೆ ಕನ್ನಡದಲ್ಲಿ ಹಳೆಯ ಚರಿತ್ರೆಯಿದೆ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ಚಾಕರಿಗೆ ಆ ಹೆಸರಿತ್ತು. ಬಿಟ್ಟಿ ದುಡಿದವರು ಬಡವರು, ಅದರ ಫಲ ಉಂಡವರು ಉಳ್ಳವರು. ಇಂದು ಅದೇ ಪದವನ್ನು ಬಡವರ ಮೇಲೆಯೇ ಎಸೆಯಲಾಗುತ್ತಿದೆ!

ಹಾಗಿದ್ದರೆ ಲೆಕ್ಕವನ್ನೇ ನೋಡೋಣ. ಆರ್.ಟಿ. ನಗರದ ಯಾವುದೇ ಅಡ್ಡರಸ್ತೆಗೆ ಹೋಗಿ ನೋಡಿ. ಎರಡೂ ಬದಿಗೆ ಕಾರುಗಳು ಹಗಲೂ ರಾತ್ರಿ ನಿಂತಿರುತ್ತವೆ. ಒಂದು ಕಾರಿಗೆ ಬೇಕಾದ ಜಾಗ ನೂರು ಚದರ ಅಡಿಗೆ ಕಡಿಮೆಯಿಲ್ಲ. ಅಷ್ಟೇ ಜಾಗದ ಅಂಗಡಿಗೆ ಅದೇ ಬೀದಿಯಲ್ಲಿ ತಿಂಗಳಿಗೆ ಸಾವಿರಾರು ರೂಪಾಯಿ ಬಾಡಿಗೆ. ಕಾರಿಗೆ ಮಾತ್ರ ಸೊನ್ನೆ. ಅದರ ಕಾಲು ಭಾಗದಲ್ಲಿ ಸೀಬೆಹಣ್ಣಿನ ತಳ್ಳುಗಾಡಿ ನಿಂತರೆ ಸಂಚಾರಕ್ಕೆ ಅಡ್ಡಿಯೆಂದು ಎಬ್ಬಿಸಲಾಗುತ್ತದೆ, ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಸಂಸತ್ತೇ ಕಾಯ್ದೆ ಮಾಡಿದ್ದರೂ. ಮನೆ ಮುಂದೆ ಕಾರು ನಿಲ್ಲಿಸುವವರಿಂದ ವಾರ್ಷಿಕ ಶುಲ್ಕ ಪಡೆಯುವ ಪಾರ್ಕಿಂಗ್ ನೀತಿಗೆ ಸರಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಕಡತದಲ್ಲೇ ಮಲಗಿತು. ಬಿಟ್ಟಿ ಭಾಗ್ಯ ಎಂದು ಅದನ್ನು ಯಾರೂ ಹೀಯಾಳಿಸಲಿಲ್ಲ.

ಇನ್ನು ಹೆಬ್ಬಾಳದ ಕಥೆ. 2003ರಲ್ಲಿ ಇಲ್ಲಿ ಮೇಲ್ಸೇತುವೆ ಬಂತು. 2014ರಲ್ಲಿ ವಿಮಾನ ನಿಲ್ದಾಣದ ಕಡೆಗೆ ಎತ್ತರಿಸಿದ ರಸ್ತೆ ಬಂತು. 2025ರಲ್ಲಿ ಹಳೆಯ ಮೇಲ್ಸೇತುವೆಗೆ ಹೊಸ ಕೊಂಡಿ ಸೇರಿತು. ನಡುವೆ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುತ್ತೇವೆಂದರು. ಜನ ಬೀದಿಗಿಳಿದು ಮಾನವ ಸರಪಳಿ ಮಾಡಿದ ಮೇಲೆ 2017ರಲ್ಲಿ ಕೈಬಿಟ್ಟರು. ಇಷ್ಟಾದರೂ ದಟ್ಟಣೆ ನೀಗಿದೆಯೇ? ರಸ್ತೆ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಹೆಚ್ಚುತ್ತದೆಂದು ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ-ಅಂಶಗಳಿಂದ 2011ರಲ್ಲೇ ತೋರಿಸಿದ್ದಾರೆ. ಹೆಬ್ಬಾಳದವರಿಗೆ ಇದನ್ನು ತಿಳಿಯಲು ಅಮೆರಿಕದ ಅಗತ್ಯವೂ ಇಲ್ಲ.

ಆದರೂ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯಂತೆ. ಸುಮಾರು 17 ಕಿ.ಮೀ. ಉದ್ದ, 17 ಸಾವಿರ ಕೋಟಿಗೂ ಮೀರಿದ ಅಂದಾಜು ವೆಚ್ಚ. ಯಲಹಂಕ, ಹೆಬ್ಬಾಳ, ಯಶವಂತಪುರಗಳನ್ನೆಲ್ಲ ಮುಟ್ಟುವ 148 ಕಿ.ಮೀ. ಉಪನಗರ ರೈಲಿಗೆ ಮಂಜೂರಾದ ವೆಚ್ಚ 15,767 ಕೋಟಿ. 2022ರ ಜೂನ್‌ನಲ್ಲಿ ಪ್ರಧಾನಿಯೇ ಶಂಕುಸ್ಥಾಪನೆ ಮಾಡಿದ ಆ ಯೋಜನೆ ಕುಂಟುತ್ತಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ ರಾಜ್ಯದ ಹೆಂಗಸರು 500 ಕೋಟಿ ಬಾರಿ ಪ್ರಯಾಣಿಸಿದ್ದರು. ಆ ಟಿಕೆಟ್‌ಗಳ ಮೌಲ್ಯ ಹನ್ನೆರಡೂವರೆ ಸಾವಿರ ಕೋಟಿಯ ಆಸುಪಾಸು. ಬೀದರಿನಿಂದ ಚಾಮರಾಜನಗರದವರೆಗಿನ ಹೆಂಗಸರು ಎರಡು ವರ್ಷ ಓಡಾಡಿದ ಖರ್ಚು ಒಂದು ಸುರಂಗದ ಖರ್ಚಿಗಿಂತ ಕಡಿಮೆ! ಆ ಸುರಂಗದೊಳಗೆ ದ್ವಿಚಕ್ರ ವಾಹನಕ್ಕೂ ಆಟೋಕ್ಕೂ ಪ್ರವೇಶವಿಲ್ಲವೆಂದು ಯೋಜನೆಯೇ ಹೇಳುತ್ತದೆ. ಟೋಲ್ ಇದೆಯಲ್ಲ ಎನ್ನುವವರಿದ್ದಾರೆ. ಟೋಲ್ ಕೊಡುವ ಶಕ್ತಿಯಿದ್ದವರಿಗಾಗಿಯೇ ಸರಕಾರ ಇಷ್ಟು ಅವಸರ ಪಡಬೇಕೇ ಎಂಬುದು ನಮ್ಮ ಪ್ರಶ್ನೆ.

ನಾವು ಸರಕಾರದ ವಕೀಲರಲ್ಲ. ಸಾರಿಗೆ ನಿಗಮಗಳಿಗೆ ಶಕ್ತಿ ಯೋಜನೆಯ ಹಣವನ್ನು ಪೂರ್ತಿ ಕೊಡದೆ ಬಾಕಿ ಉಳಿಸಿಕೊಂಡದ್ದು ಇದೇ ಸರಕಾರ. 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು, ಅದರ ಭಾರ ಬಿದ್ದದ್ದು ಟಿಕೆಟ್ ಕೊಳ್ಳುವ ಗಾರೆ ಕೆಲಸದವರ ಮೇಲೆ, ಹಮಾಲಿಗಳ ಮೇಲೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂಬ ಗಂಡಸರ ದೂರು ಸುಳ್ಳಲ್ಲ. ಆದರೆ ಆ ದೂರು ಬಸ್ಸು ಸಾಲದು ಎಂದಾಗಬೇಕಿತ್ತು, ಹೆಂಗಸರು ಹೆಚ್ಚಾದರು ಎಂದಾಯಿತು. ಮನೆಯಿಂದ ಕಾಲೇಜು ದೂರವೆಂದು ಓದು ಬಿಡಿಸುತ್ತಿದ್ದ ತಂದೆಯ ಒಂದು ನೆಪವಾದರೂ ಈ ಟಿಕೆಟ್ಟಿನಿಂದ ಇಲ್ಲವಾಗಿದೆ. ನಮ್ಮ ಮೊಹಲ್ಲಾಗಳನ್ನು ಬಲ್ಲವರಿಗೆ ಅದರ ಬೆಲೆ ಗೊತ್ತು.

ಅಂದು ಗೊಣಗಿದ ಗೃಹಸ್ಥರು ಯಲಹಂಕದಲ್ಲಿ ಇಳಿದರು. ನಿಲ್ದಾಣದ ಮುಂದೆ ಸಾಲಾಗಿ ಕಾರುಗಳು ನಿಂತಿದ್ದುದರಿಂದ ಚಾಲಕ ಅವರನ್ನು ನಡುರಸ್ತೆಯಲ್ಲೇ ಇಳಿಸಬೇಕಾಯಿತು.