ಕಣಗಲಾ ಕಲಿಸುವ ಬಂಡವಾಳದ ಪಾಠ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ಬಿಟ್ಟು, ತವಂದಿ ಘಾಟ್ ದಾಟಿ ಸಂಕೇಶ್ವರದ ಕಡೆ ಹೊರಟರೆ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಸಿಗುತ್ತದೆ. ಸುತ್ತಲೂ ಕಬ್ಬು, ಜೋಳ, ಮೆಣಸಿನಕಾಯಿ ಬೆಳೆಯುವ ನೆಲ. ರಬ್ಬರ್ ತೋಟ ಹುಡುಕಿದರೂ ಸಿಗದು. ಆದರೆ ರಬ್ಬರ್ ಹಾಲನ್ನು ಕಚ್ಚಾವಸ್ತುವಾಗಿ ಬಳಸುವ ಕೇಂದ್ರ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ 1985ರಿಂದ ಇದೇ ಊರಿನಲ್ಲಿದೆ. ಈಗ ಅದರ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್. ದೇಶದ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ನಿರೋಧ್, ಗರ್ಭನಿರೋಧಕ ಮಾತ್ರೆ ಪೂರೈಸಿದ ಕಾರ್ಖಾನೆಗಳಲ್ಲಿ ಇದೂ ಒಂದು. ಇಲ್ಲಿಂದ ಸ್ವಲ್ಪ ಆಚೀಚೆ ಹೋದರೆ ಕಬ್ಬನ್ನೇ ನಂಬಿದ ಸಕ್ಕರೆ ಕಾರ್ಖಾನೆಗಳ ಸಾಲು, ಜಲಪಾತವನ್ನು ನಂಬಿ ಹುಟ್ಟಿದ ಹತ್ತಿ ಗಿರಣಿ. ಸಂಪನ್ಮೂಲವನ್ನು ನೆಚ್ಚಿದ ಉದ್ಯಮ, ನೆಚ್ಚದ ಉದ್ಯಮ ಎರಡನ್ನೂ ಹೀಗೆ ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಕರ್ನಾಟಕದಲ್ಲಿ ಅಪರೂಪ. ಸಂಪನ್ಮೂಲ ಇದ್ದಲ್ಲಿಗೆ ಬಂಡವಾಳ ತಾನಾಗಿ ಬರುತ್ತದೆ, ಬಂಡವಾಳ ಬಂದಲ್ಲಿ ಊರು ತಾನಾಗಿ ಉದ್ಧಾರವಾಗುತ್ತದೆ ಎಂಬ ಮಾತನ್ನು ಹೂಡಿಕೆದಾರರ ಸಮಾವೇಶಗಳಲ್ಲಿ ಪ್ರತಿಸಲ ಕೇಳುತ್ತೇವೆ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಅನುಭವ ಇದರ ಮೊದಲ ಅರ್ಧವನ್ನು ಒಪ್ಪುತ್ತದೆ, ಎರಡನೆಯ ಅರ್ಧವನ್ನು ಒಪ್ಪುವುದಿಲ್ಲ.

ಈ ಸೀಮೆಗಿರುವ ಅನುಕೂಲ ಸಣ್ಣದಲ್ಲ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಹರಿಯುವ ನೆಲವಿದು. ಹಿಡಕಲ್ ಜಲಾಶಯದಲ್ಲಿ ಸುಮಾರು 51 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಮುಂಬೈ, ಬೆಂಗಳೂರು ಎರಡನ್ನೂ ಜೋಡಿಸುವ ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ನಡುವೆಯೇ ಹಾದುಹೋಗಿದೆ. ಘಟಪ್ರಭಾ ಮತ್ತು ಗೋಕಾಕ ರೋಡ್‌ನಲ್ಲಿ ರೈಲಿದೆ. ಆದರೆ ಎಲ್ಲಕ್ಕಿಂತ ದೊಡ್ಡ ಅನುಕೂಲ ಕಬ್ಬಿನ ಗುಣದಲ್ಲೇ ಇದೆ. ನೂರು ಕಿಲೊ ಕಬ್ಬು ನುರಿಸಿದರೆ ಸಿಗುವ ಸಕ್ಕರೆ ಹತ್ತು–ಹನ್ನೊಂದು ಕಿಲೊ. ಉಳಿದ ತೊಂಬತ್ತು ಕಿಲೊ ಭಾರವನ್ನು ದೂರ ಸಾಗಿಸುವುದು ಯಾವ ಲೆಕ್ಕದಲ್ಲೂ ಗಿಟ್ಟುವುದಿಲ್ಲ. ಮೇಲಾಗಿ, ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ಅದರ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕಾರ್ಖಾನೆ ಹೊಲದ ಹತ್ತಿರಕ್ಕೇ ಬರಬೇಕು, ಬೇರೆ ದಾರಿಯಿಲ್ಲ. ಬಳ್ಳಾರಿಯ ಅದಿರಿಗೆ ಈ ಗುಣವಿರಲಿಲ್ಲ. ಅದನ್ನು ಅಗೆದು ಲಾರಿಗೆ, ರೈಲಿಗೆ ತುಂಬಿ ಬಂದರಿನ ಮೂಲಕ ಚೀನಾಕ್ಕೆ ಕಳಿಸಲು ಅಡ್ಡಿಯಿರಲಿಲ್ಲ. 2011ರಲ್ಲಿ ಲೋಕಾಯುಕ್ತ ವರದಿ ಹೊರಬಂದು, ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಆ ಜಿಲ್ಲೆಯಲ್ಲಿ ಉಳಿದದ್ದು ಕೆಂಧೂಳು ಮತ್ತು ಹೊಂಡಗಳು. ಕೋಲಾರದ ಚಿನ್ನದ ಕಥೆಯೂ ಭಿನ್ನವಲ್ಲ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದಾಗ ಅದನ್ನೇ ನಂಬಿದ್ದ ಒಂದು ಊರಿಗೆ ಊರೇ ಕೆಲಸ ಕಳೆದುಕೊಂಡಿತು. ವರ್ಷ ವರ್ಷ ಮತ್ತೆ ಬೆಳೆಯುವ, ಇದ್ದಲ್ಲೇ ಸಂಸ್ಕರಿಸಲೇಬೇಕಾದ ಸಂಪತ್ತು ಘಟಪ್ರಭೆಯ ದಂಡೆಯವರ ಕೈಯಲ್ಲಿದೆ. ಚೌಕಾಶಿಗೆ ಕುಳಿತರೆ ಇದಕ್ಕಿಂತ ದೊಡ್ಡ ಬಲ ಇನ್ನೊಂದಿಲ್ಲ.

ಆದರೆ ಪ್ರಕೃತಿ ಕೊಟ್ಟದ್ದು ತಾನಾಗಿ ಸಂಪನ್ಮೂಲ ಆಗುವುದಿಲ್ಲ. ಘಟಪ್ರಭೆ ಗೋಕಾಕದ ಬಳಿ 170 ಅಡಿಗಳಷ್ಟು ಎತ್ತರದಿಂದ ಧುಮುಕುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಸಾವಿರಾರು ವರ್ಷ ಅದು ನೋಡುವವರಿಗೆ ಸೊಬಗು, ಭಕ್ತರಿಗೆ ತೀರ್ಥ ಆಗಿತ್ತು. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿ, ಎರಡು ವರ್ಷಗಳಲ್ಲಿ ಆ ನೀರಿನ ಬಲದಿಂದ ನೂಲುವ ಗಿರಣಿ ತಿರುಗಿದ ಮೇಲೆ ಜಲಪಾತ ಬಂಡವಾಳವಾಯಿತು. ಧಾರವಾಡ ಸೀಮೆಯ ಹತ್ತಿ ಆಗಲೇ ವಿದೇಶಿ ಮಾರುಕಟ್ಟೆಯಲ್ಲಿ ಹೆಸರು ಮಾಡಿತ್ತು. ಹತ್ತಿಯೂ ಇತ್ತು, ನೀರೂ ಇತ್ತು. ಕೊರತೆ ಇದ್ದದ್ದು ಎರಡನ್ನೂ ಕೂಡಿಸುವ ಯಂತ್ರ, ಹಣ ಮತ್ತು ಸಂಘಟನೆಯದು. ಅದೇ ಕಾಲಕ್ಕೆ ಜಲಪಾತದ ಮೇಲ್ಭಾಗದ ಧುಪದಾಳದಲ್ಲಿ ಕಟ್ಟಿದ ಒಡ್ಡು ಘಟಪ್ರಭೆಯ ನೀರನ್ನು ಕಾಲುವೆಗೆ ತಿರುಗಿಸಿ ಹೊಲಗಳಿಗೆ ಮುಟ್ಟಿಸಿತು. ಒಂದೇ ನದಿ ಗಿರಣಿಗೂ ದುಡಿಯಿತು, ರೈತನಿಗೂ ದುಡಿಯಿತು. ಇದು ಬ್ರಿಟಿಷ್ ಬಂಡವಾಳದ ಕೆಲಸ, ಲಾಭದ ದೊಡ್ಡ ಪಾಲು ಹೊರಗೇ ಹೋಯಿತು ಎಂಬುದು ನಿಜ. ಆದರೂ ಆ ಗಿರಣಿ ಗೋಕಾಕ ಫಾಲ್ಸ್ ಎಂಬ ಕಾರ್ಮಿಕರ ಊರನ್ನೇ ಕಟ್ಟಿತು; ಕೃಷಿಯನ್ನಷ್ಟೇ ಬಲ್ಲ ಮನೆತನಗಳಿಗೆ ಸಂಬಳದ ಕೆಲಸ, ಪಾಳಿಯ ಶಿಸ್ತು, ಯಂತ್ರದ ಪರಿಚಯ ಮಾಡಿಸಿತು.

ಕಣಗಲಾದ ಕಾರ್ಖಾನೆ ಇದರ ತಿರುವುಮುರುವು. ಇಲ್ಲಿ ಕಚ್ಚಾವಸ್ತು ಸ್ಥಳೀಯವಲ್ಲ. ಹಾಗಾದರೆ ಅದು ಬಂದದ್ದು ರಾಜಕೀಯದಿಂದಷ್ಟೇ ಎಂದು ವಾದಿಸುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. 1980ರ ದಶಕದ ಆರಂಭದಲ್ಲಿ ಕೇಂದ್ರದ ಆರೋಗ್ಯ ಸಚಿವರಾಗಿದ್ದವರು ಚಿಕ್ಕೋಡಿ ಕ್ಷೇತ್ರದ ಸಂಸದ ಬಿ. ಶಂಕರಾನಂದ, ಹಿಂದೂಸ್ತಾನ್ ಲ್ಯಾಟೆಕ್ಸ್ ಅದೇ ಸಚಿವಾಲಯದ ಕಂಪನಿ. ಒಂದು ಕಾರ್ಖಾನೆಯನ್ನು ಊರಿಗೆ ತರಲು ಒಬ್ಬ ಸಚಿವರ ಪ್ರಭಾವ ಸಾಕಾಗಬಹುದು. ನಲವತ್ತು ವರ್ಷ ಅದನ್ನು ನಡೆಸಲು ಯಾರ ಪ್ರಭಾವವೂ ಸಾಕಾಗದು. ಸಚಿವರು ಬದಲಾದರು, ಸರ್ಕಾರಗಳು ಬದಲಾದವು, ಕಂಪನಿಯ ಹೆಸರೂ ಬದಲಾಯಿತು. ಕಾರ್ಖಾನೆ ನಿಂತದ್ದು ಹೆದ್ದಾರಿ, ನೀರು ಮತ್ತು ಸುತ್ತಲಿನ ಹಳ್ಳಿಗಳ ಕೆಲಸಗಾರರ ಮೇಲೆ. ರಬ್ಬರ್ ಹಾಲಿನಿಂದ ಮಾಡಿದ ಒಂದೊಂದು ತುಣುಕನ್ನೂ ತೂತಿಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸಕ್ಕೆ ಕಣ್ಣೂ ಕೈಯೂ ಪಳಗಬೇಕು. ರಬ್ಬರ್ ಕಾಣದ ಊರಿನವರು ಅದನ್ನು ಕಲಿತರು. ಹುಕ್ಕೇರಿ ತಾಲ್ಲೂಕಿನದೇ ಹತ್ತರಗಿಯಲ್ಲಿ 2009ರ ಸುಮಾರಿಗೆ ತಲೆಯೆತ್ತಿದ ವಿಶೇಷ ಆರ್ಥಿಕ ವಲಯ ಇದನ್ನು ಇನ್ನೊಮ್ಮೆ ತೋರಿಸಿಕೊಟ್ಟಿದೆ. ಈಗ ಏಕಸ್ ಹೆಸರಿನಲ್ಲಿರುವ ಆ ವಲಯದಲ್ಲಿ ಏರ್‌ಬಸ್‌ನಂಥ ಕಂಪನಿಗಳಿಗೆ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಹುಕ್ಕೇರಿಯ ನೆಲದಲ್ಲಿ ವಿಮಾನಕ್ಕೆ ಬೇಕಾದ ಲೋಹವಿಲ್ಲ. ಬೆಳಗಾವಿ ಮತ್ತು ಕೊಲ್ಹಾಪುರದ ಫೌಂಡ್ರಿಗಳಲ್ಲಿ, ಲೇಥ್ ಯಂತ್ರಗಳ ಮುಂದೆ ತಲೆಮಾರುಗಳಿಂದ ಪಳಗಿದ ಕೈಗಳಿವೆ. ಅದೂ ಸಂಪನ್ಮೂಲವೇ, ನೆಲದಡಿ ಹುದುಗಿಲ್ಲ ಅಷ್ಟೆ. ಗೋಕಾಕದ ಕರದಂಟನ್ನು ನೋಡಿದರೂ ಇದು ತಿಳಿಯುತ್ತದೆ. ಅದರೊಳಗಿನ ಬೆಲ್ಲ ಇಲ್ಲಿಯದು. ಬಾದಾಮಿ, ಗೋಡಂಬಿ, ಅಂಟು ಎಲ್ಲಿಂದಲೋ ಬಂದವು. ಹೆಸರು ಮತ್ತು ಲಾಭ ಗೋಕಾಕದಲ್ಲೇ ಉಳಿದದ್ದು ಪಾಕದ ಹದ ಇಲ್ಲಿಯವರ ಕೈಯಲ್ಲಿದ್ದುದರಿಂದ.

ಈಗ ಕಬ್ಬಿಗೆ ಬರೋಣ. ಇಷ್ಟು ಚೌಕಾಶಿಯ ಬಲವಿರುವ ಬೆಳೆ, ಇಷ್ಟೊಂದು ಕಾರ್ಖಾನೆ. ಆದರೂ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ರಸ್ತೆಯ ಮೇಲೆ ಕೂರಬೇಕಾಯಿತು. ಬೇಡಿಕೆ ಟನ್‌ಗೆ 3,500 ರೂಪಾಯಿ. ದಿನಗಟ್ಟಲೆ ನಡೆದ ಹೋರಾಟದ ಬಳಿಕ ಮುಖ್ಯಮಂತ್ರಿಗಳೇ ಕಾರ್ಖಾನೆ ಮಾಲೀಕರನ್ನು ಕೂರಿಸಿಕೊಂಡು ಶೇ 11.25 ಇಳುವರಿಯ ಕಬ್ಬಿಗೆ 3,300 ರೂಪಾಯಿ ನಿಗದಿ ಮಾಡಿದರು. ಅದರಲ್ಲಿ 50 ರೂಪಾಯಿ ಸರ್ಕಾರದ ಬೊಕ್ಕಸದ್ದು. ಕೇಂದ್ರ ಆ ಹಂಗಾಮಿಗೆ ಪ್ರಕಟಿಸಿದ್ದ ನ್ಯಾಯೋಚಿತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಟನ್‌ಗೆ 3,550 ರೂಪಾಯಿ. ಆದರೆ ಅದರಿಂದ ಕಟಾವು ಮತ್ತು ಸಾಗಣೆಯ ಖರ್ಚು ಕಳೆದರೆ ರೈತನ ಕೈಗೆ ಬರುವುದು ಬೇರೆಯೇ ಮೊತ್ತ. ಜಗಳದ ಮೂಲ ಇಲ್ಲಿದೆ: ಕಬ್ಬಿನ ಬೆಲೆಯನ್ನು ಸಕ್ಕರೆಯ ಇಳುವರಿಗೆ ಕಟ್ಟಿಹಾಕಲಾಗಿದೆ. ಆದರೆ ಕಾರ್ಖಾನೆಯ ಆದಾಯ ಸಕ್ಕರೆಯಿಂದಷ್ಟೇ ಬರುತ್ತಿಲ್ಲ. ಕಾಕಂಬಿಯಿಂದ ಎಥೆನಾಲ್, ಸಿಪ್ಪೆಯಿಂದ ವಿದ್ಯುತ್, ಮಡ್ಡಿಯಿಂದ ಗೊಬ್ಬರ, ಹೀಗೆ ಕಬ್ಬಿನ ಒಂದು ಎಳೆಯೂ ಈಗ ವ್ಯರ್ಥವಾಗುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ತೂಕದ ಕಾಟಾ ಮುಂದೆ ಸರದಿ ನಿಂತಿರುವಾಗ ಒಣಗುತ್ತಿರುವುದು ರೈತನ ಕಬ್ಬು. ಅದು ಕಳೆದುಕೊಂಡ ತೂಕದ ನಷ್ಟವೂ ರೈತನದೇ. ಕಾಟಾ ದಾಟಿದ ಮೇಲೆ ಹುಟ್ಟುವ ಲಾಭದ ಲೆಕ್ಕದಲ್ಲಿ ಮಾತ್ರ ಅವನ ಹೆಸರು ಅಷ್ಟಾಗಿ ಕಾಣುವುದಿಲ್ಲ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಒಟ್ಟು ಆದಾಯದಲ್ಲಿ ಶೇ 70ನ್ನು ರೈತರಿಗೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ರಾಜ್ಯ 2013ರಲ್ಲಿ ಕಬ್ಬು ಖರೀದಿ ನಿಯಂತ್ರಣಕ್ಕೆಂದು ಕಾಯ್ದೆ ತಂದು ಮಂಡಳಿಯನ್ನೂ ರಚಿಸಿತು. ಅಷ್ಟಾದರೂ ಬೆಲೆ ಮಂಡಳಿಯ ಸಭೆಯಲ್ಲಿ ತೀರ್ಮಾನವಾಗದೆ ಹೆದ್ದಾರಿಯ ಮೇಲೆ ತೀರ್ಮಾನವಾಗುತ್ತಿದೆ.

ಬೆಲೆ ಏರಿಸಿದರೆ ಹೂಡಿಕೆದಾರರು ಹೆದರಿ ಓಡುತ್ತಾರೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ, ಎಥೆನಾಲ್ ಹಂಚಿಕೆ ಎರಡೂ ದೆಹಲಿಯ ಕೈಯಲ್ಲಿರುವಾಗ ಮಾಲೀಕರ ಕೈಯೂ ಕಟ್ಟಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಹೂಡಿಕೆದಾರ ಹೆಚ್ಚು ಹೆದರುವುದು ಅನಿಶ್ಚಿತತೆಗೆ. ಪ್ರತಿ ಹಂಗಾಮಿನ ಹೊಸ್ತಿಲಲ್ಲಿ ಕಾರ್ಖಾನೆ ಶುರುವಾಗುತ್ತದೋ ಇಲ್ಲವೋ ತಿಳಿಯದ ಸ್ಥಿತಿಗಿಂತ, ಮೊದಲೇ ಗೊತ್ತಿರುವ ಸೂತ್ರದಂತೆ ಪಾಲು ಕೊಡುವುದು ಉದ್ಯಮಕ್ಕೂ ಲೇಸು. ಇನ್ನು ಕಾರ್ಖಾನೆ ಓಡಿಹೋಗುವ ಮಾತು. ಕಬ್ಬನ್ನು ಬಿಟ್ಟು ಅದು ಎಲ್ಲಿಗೆ ಹೋದೀತು?

ನೀರಿನ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಉದ್ಯಮಕ್ಕೆ ನೀರು ಕೊಟ್ಟರೆ ಹೊಲಕ್ಕೆ ಏನು ಉಳಿಯುತ್ತದೆ ಎಂದು ರೈತರು ಕೇಳುವುದು ನ್ಯಾಯವೇ. ಹಿಡಕಲ್ ಜಲಾಶಯದಿಂದ ಹುಬ್ಬಳ್ಳಿ–ಧಾರವಾಡದ ಕೈಗಾರಿಕೆಗಳಿಗೆ ಕೊಳವೆ ಹಾಕುವ ಯೋಜನೆಗೆ ಬೆಳಗಾವಿಯಲ್ಲಿ ವಿರೋಧ ಎದ್ದದ್ದು ಇದೇ ಆತಂಕದಿಂದ. ಆ ಯೋಜನೆ ಸಂಪನ್ಮೂಲವಿರುವ ಪ್ರದೇಶದ ಅನುಕೂಲವನ್ನೇ ಬುಡಮೇಲು ಮಾಡುತ್ತದೆ: ನೀರು ಕಾರ್ಖಾನೆಯನ್ನು ತನ್ನತ್ತ ಸೆಳೆಯುವ ಬದಲು ತಾನೇ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗುತ್ತದೆ. ನೀರಿದ್ದಲ್ಲಿಗೆ ಉದ್ಯಮ ಬರಲಿ ಎಂಬುದು ಸಂಕುಚಿತ ಪ್ರಾದೇಶಿಕತೆಯಲ್ಲ. ಕೊಳವೆ ಹಾಕುವ, ನೀರೆತ್ತುವ ಖರ್ಚನ್ನು ಉಳಿಸುವ ಆರ್ಥಿಕ ವಿವೇಕ. ಜತೆಗೆ ಷರತ್ತುಗಳೂ ಬೇಕು. ಕುಡಿಯಲು ಮತ್ತು ಬೆಳೆಗೆ ಮೊದಲ ಪಾಲು. ಕಾರ್ಖಾನೆ ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸಬೇಕು. ಕಬ್ಬಿನ ಹೊಲ ಹನಿ ನೀರಾವರಿಗೆ ಹೊರಳಬೇಕು. ನೀರು ಹೆಚ್ಚಾದರೂ ಕಷ್ಟವೇ ಎಂಬುದನ್ನು 2019ರ ಆಗಸ್ಟ್‌ನಲ್ಲಿ ಗೋಕಾಕವನ್ನು ಮುಳುಗಿಸಿದ ಪ್ರವಾಹ ತೋರಿಸಿದೆ. ನದಿ ದಂಡೆಯಲ್ಲಿ ಕೈಗಾರಿಕಾ ನಿವೇಶನ ಗುರುತಿಸುವ ಮುನ್ನ ಆ ವರ್ಷದ ನೀರಿನ ಗುರುತನ್ನು ನೋಡುವುದು ಕಡ್ಡಾಯವಾಗಬೇಕು.

ಹೊರಗಿನ ಬಂಡವಾಳವನ್ನೇ ನೆಚ್ಚದೆ ಊರಿನವರೇ ಸಂಸ್ಥೆಗಳನ್ನು ಕಟ್ಟಿದರೆ ಅವು ರಾಜಕೀಯದ ಕಣವಾಗುತ್ತವೆ ಎಂಬುದು ಇನ್ನೊಂದು ತಕರಾರು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದಕ್ಕೆ ಉದಾಹರಣೆಯೂ ಹೌದು, ಉತ್ತರವೂ ಹೌದು. ದೇಶದ ಮೊದಲ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದಾದ ಇದು ಕರ್ನಾಟಕದಲ್ಲಿ ಈ ಬಗೆಯ ಏಕೈಕ ಸಂಘ. 2025ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿಗೆ ನಡೆದ ಚುನಾವಣೆ ವಿಧಾನಸಭಾ ಚುನಾವಣೆಯ ಕಾವು ಪಡೆದಿತ್ತು. ರಾಜಕಾರಣಿಗಳು ಅದಕ್ಕಾಗಿ ಅಷ್ಟು ಸೆಣಸಿದ್ದು ಅದು ಜನರ ಬದುಕಿಗೆ ಅಷ್ಟು ಹತ್ತಿರವಾಗಿರುವುದರಿಂದ. ಲೆಕ್ಕಪತ್ರ ಪಾರದರ್ಶಕವಾಗಲಿ, ಚುನಾವಣೆ ಕಾಲಕಾಲಕ್ಕೆ ನಡೆಯಲಿ ಎಂದು ಒತ್ತಾಯಿಸೋಣ. ಸಂಸ್ಥೆಯೇ ಬೇಡ ಎನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಹೆಸರನ್ನೇ ಹೊತ್ತ ಎಂಜಿನಿಯರಿಂಗ್ ಕಾಲೇಜು ನಿಡಸೋಶಿಯಲ್ಲಿದೆ. ಕಬ್ಬಿನ ಹಣ ವಿದ್ಯೆಯಾಗಿ ಊರಿನಲ್ಲೇ ನಿಲ್ಲಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗಾಗಿ ಹೂಡಿಕೆದಾರರಿಗೆ ಕೊಡುವ ಕರೆ ಬದಲಾಗಬೇಕು. ನಮ್ಮಲ್ಲಿ ನೀರಿದೆ, ಜಮೀನಿದೆ, ಕಬ್ಬಿದೆ ಬನ್ನಿ ಎಂದಷ್ಟೇ ಕರೆದರೆ ಅಗ್ಗದ ನೀರು, ಅಗ್ಗದ ಜಮೀನು ಹುಡುಕುವವರೇ ಬರುತ್ತಾರೆ. ಇನ್ನೂ ಅಗ್ಗವಾಗಿ ಸಿಗುವ ಕಡೆಗೆ ನಾಳೆ ಹೋಗುತ್ತಾರೆ. ಕಬ್ಬಿನಿಂದ ಸಕ್ಕರೆಗೆ ನಿಲ್ಲದೆ ಔಷಧ ದರ್ಜೆಯ ಮದ್ಯಸಾರ, ಸಿಪ್ಪೆಯಿಂದ ಕಾಗದ ಮತ್ತು ತಟ್ಟೆ, ಜೈವಿಕ ಅನಿಲ, ಸಂಸ್ಕರಿಸಿದ ಮೆಣಸಿನಕಾಯಿ ಎಂಬ ಎರಡನೆಯ ಹಂತದ ಉದ್ಯಮಗಳಿಗೆ ರಿಯಾಯಿತಿ ಮೀಸಲಾಗಲಿ. ಹುಕ್ಕೇರಿ, ಗೋಕಾಕ, ಮೂಡಲಗಿಯ ಐಟಿಐಗಳ ಪಠ್ಯವನ್ನು ಕಣಗಲಾ ಮತ್ತು ಹತ್ತರಗಿಯ ಯಂತ್ರಗಳಿಗೆ ಹೊಂದಿಸಲಿ. ಕಬ್ಬು ಮಂಡಳಿ ಹಂಗಾಮಿಗೆ ಮೂರು ತಿಂಗಳು ಮೊದಲೇ ಉಪ ಉತ್ಪನ್ನಗಳನ್ನೂ ಸೇರಿಸಿ ಬೆಲೆ ಪ್ರಕಟಿಸಲಿ. ಎಚ್‌ಎಲ್‌ಎಲ್ ಮಾರಾಟಕ್ಕೆ ಕೇಂದ್ರ 2021ರ ಡಿಸೆಂಬರ್‌ನಲ್ಲಿ ಆಸಕ್ತರನ್ನು ಆಹ್ವಾನಿಸಿದಾಗ ತನ್ನ ನೆಲದ ಘಟಕಗಳನ್ನು ಉಳಿಸಿಕೊಳ್ಳಲು ಕೇರಳ ಸರ್ಕಾರ ಮುಂದೆ ಬಂದಿತ್ತು. ಕಣಗಲಾದ ವಿಷಯದಲ್ಲಿ ಕರ್ನಾಟಕಕ್ಕೂ ಅಂಥ ಕಾಳಜಿ ಬೇಕು. ರಬ್ಬರ್ ಬೆಳೆಯದ ಊರಿನಲ್ಲಿ ಒಂದು ಕಾರ್ಖಾನೆ ನಲವತ್ತು ವರ್ಷ ನಡೆದಿದೆ. ಕಬ್ಬು ಬೆಳೆಯುವ ಊರಿನ ರೈತ ಬೆಲೆಗಾಗಿ ರಸ್ತೆಯಲ್ಲಿ ಕೂರುವುದು ಇನ್ನಾದರೂ ನಿಲ್ಲಬೇಕು.