ಯಾವ ಆ್ಯಪ್ ಹೆಚ್ಚು ಕೊಡುತ್ತದೆ? ಆರ್ಡರ್ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಹಿಡಿಯೋಣ

ಹನುಮಂತನಪಟ್ಟಿ, ಕಂಬಂ, ಚಿನ್ನಮನೂರು ಕಡೆಯ ನಮ್ಮ ಮನೆಗಳಿಂದ ಹುಡುಗರು ಬೈಕ್ ಸಮೇತ ಬೆಂಗಳೂರಿಗೋ ಕೊಯಮತ್ತೂರಿಗೋ ಹೊರಟರೆ ಹಿರಿಯರು ಮೊದಲು ಕೇಳುವುದು, “ತಿಂಗಳಿಗೆ ಎಷ್ಟು ಬರುತ್ತೆ?” ಎಂದು. ಹುಡುಗರು ತಮ್ಮತಮ್ಮಲ್ಲಿ ಕೇಳಿಕೊಳ್ಳುವುದೇ ಬೇರೆ. ಸ್ವಿಗ್ಗಿ ಒಳ್ಳೆಯದೋ, ಜೊಮ್ಯಾಟೊ ಒಳ್ಳೆಯದೋ, ಇಲ್ಲಾ ಬ್ಲಿಂಕಿಟ್, ಜೆಪ್ಟೊದಂಥ ದಿನಸಿ ಆ್ಯಪ್‌ಗಳೋ? ಉತ್ತರ ಮಾತ್ರ ಬಹುಪಾಲು ಒಂದೇ ಅಳತೆಯಲ್ಲಿ ಬರುತ್ತದೆ: ಆರ್ಡರಿಗೆ ಇಷ್ಟು ರೂಪಾಯಿ. ಈ ಅಳತೆಯೇ ದಾರಿ ತಪ್ಪಿಸುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಆ್ಯಪ್ ಆರ್ಡರಿಗೆ 45 ರೂಪಾಯಿ ಕೊಡುತ್ತದೆ, ಗಂಟೆಗೆ ಎರಡು ಆರ್ಡರ್ ಸಿಗುತ್ತವೆ. ಇನ್ನೊಂದು 30 ರೂಪಾಯಿ ಕೊಡುತ್ತದೆ, ಮೂರು ಆರ್ಡರ್ ಸಿಗುತ್ತವೆ. ಎರಡರಲ್ಲೂ ಗಂಟೆಗೆ 90. ಆದರೆ ಮೊದಲನೆಯದರಲ್ಲಿ ಹೋಟೆಲಿಗೆ ಹೋಗಿ, ಮನೆಗೆ ಮುಟ್ಟಿಸಿ, ಖಾಲಿ ಕೈಯಲ್ಲಿ ವಾಪಸ್ ಬರುವುದೆಲ್ಲ ಸೇರಿ ಗಂಟೆಗೆ 14 ಕಿ.ಮೀ. ಓಡಬೇಕು. ಎರಡನೆಯದರಲ್ಲಿ ಗೋದಾಮಿನ ಸುತ್ತಮುತ್ತ 8 ಕಿ.ಮೀ. ಸಾಕು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಆಸುಪಾಸು, ಬೈಕ್ 45 ಕಿ.ಮೀ. ಕೊಡುತ್ತದೆ ಎಂದರೆ ಮೊದಲನೆಯವನಿಗೆ 59 ರೂಪಾಯಿ ಉಳಿಯಿತು, ಎರಡನೆಯವನಿಗೆ 72. ಹತ್ತು ಗಂಟೆಗೆ 130 ರೂಪಾಯಿ ವ್ಯತ್ಯಾಸ. ಕಡಿಮೆ ದರದ ಆ್ಯಪ್ಪೇ ಗೆದ್ದಿತು! ತೇನಿಯಂಥ ಊರಿನಲ್ಲಿ ಇದೇ ಲೆಕ್ಕ ತಲೆಕೆಳಗಾಗಬಹುದು. ದೂರ ಕಡಿಮೆ, ಆದರೆ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಮುಂದಿನ ಆರ್ಡರಿಗೆ ಕಾಯುವ ಹೊತ್ತು ಜಾಸ್ತಿ. ಇದರ ಮೇಲೆ ಮಳೆ ಹಣ, ಗುರಿ ಮುಟ್ಟಿದರೆ ಸಿಗುವ ಇನ್ಸೆಂಟಿವ್ ಬೇರೆ. ಎರಡು ಆರ್ಡರ್ ಕಡಿಮೆಯಾಗಿ ಗುರಿ ತಪ್ಪಿದರೆ ದಿನದ ಕೊನೆಯ ಎರಡು ಗಂಟೆ ದುಡಿದದ್ದು ಇನ್ಸೆಂಟಿವ್ ಲೆಕ್ಕಕ್ಕೇ ಬರುವುದಿಲ್ಲ.

ಕಂಪನಿಯ ಕಡೆಯಿಂದಲೇ ಒಂದು ಅಂಕಿ ಹೊರಬಂದಿದೆ. 2025ರ ಡಿಸೆಂಬರ್ 25 ಮತ್ತು 31ರಂದು ದೇಶದ ಹಲವೆಡೆ ಡೆಲಿವರಿ ಹುಡುಗರು ಮುಷ್ಕರ ಹೂಡಿದ ಬೆನ್ನಲ್ಲೇ, ಜೊಮ್ಯಾಟೊ ಸ್ಥಾಪಕ ದೀಪಿಂದರ್ ಗೋಯಲ್ ತಮ್ಮ ಲೆಕ್ಕ ಮುಂದಿಟ್ಟರು. 2025ರಲ್ಲಿ ಟಿಪ್ಸ್ ಬಿಟ್ಟು ಗಂಟೆಗೆ ಸರಾಸರಿ 102 ರೂಪಾಯಿ, ಹಿಂದಿನ ವರ್ಷ 92. ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ದುಡಿದರೆ ಸುಮಾರು 26,500. ಪೆಟ್ರೋಲು, ರಿಪೇರಿಗೆ ಐದರಲ್ಲೊಂದು ಪಾಲು ಕಳೆದರೆ ಕೈಗೆ 21,000. ಟಿಪ್ಸ್ ಎಂದರೆ ಗಂಟೆಗೆ 2 ರೂಪಾಯಿ 60 ಪೈಸೆ!

ಸುಳ್ಳು ಲೆಕ್ಕ ಎಂದು ನಾವು ಹೇಳುವುದಿಲ್ಲ. ಆದರೆ ಅದೇ ಹೇಳಿಕೆಯ ಇನ್ನೊಂದು ಸಾಲನ್ನೂ ಓದಬೇಕು. ಒಬ್ಬ ಹುಡುಗ ಸರಾಸರಿ ದುಡಿದದ್ದು ವರ್ಷಕ್ಕೆ 38 ದಿನ. 250 ದಿನಕ್ಕಿಂತ ಹೆಚ್ಚು ದುಡಿದವರು ನೂರಕ್ಕೆ 2.3 ಮಂದಿ. ತಿಂಗಳಿಗೆ 26 ದಿನ ಎಂದರೆ ವರ್ಷಕ್ಕೆ 312 ದಿನ. ಅಂದರೆ 21,000ದ ಸಂಬಳದಂತೆ ಕಾಣುವ ಆ ಮೊತ್ತವನ್ನು ವರ್ಷವಿಡೀ ಪಡೆಯುವವರು ನೂರಕ್ಕೆ ಇಬ್ಬರೂ ಇರುವುದು ಕಷ್ಟ. ಬೈಕಿನ ಕಂತು, ಬೆಂಗಳೂರಿನ ರೂಮ್ ಬಾಡಿಗೆ ಆ ಐದನೇ ಒಂದು ಪಾಲಿನಲ್ಲಿ ಸೇರಿಲ್ಲ ಎಂಬುದನ್ನೂ ಮನೆಯವರು ಮರೆಯಬಾರದು.

ಈ 38 ದಿನದ ವಿಷಯ ನಮ್ಮ ಕಣಿವೆಗೆ ಇನ್ನೊಂದು ಕಾರಣಕ್ಕೆ ಮುಖ್ಯ. ದ್ರಾಕ್ಷಿ ಕೊಯ್ಲಿಗೆ, ಭತ್ತದ ನಾಟಿಗೆ, ವೀರಪಾಂಡಿ ಜಾತ್ರೆಗೆ ಊರಿಗೆ ಬಂದು ಹೋಗುವವರು ನಮ್ಮವರು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಕಂಪನಿಗಳು ವಹಿವಾಟಿನ ಶೇ. 1ರಿಂದ 2ರಷ್ಟನ್ನು ನಿಧಿಗೆ ಕಟ್ಟಬೇಕು. ಆದರೆ ಡಿಸೆಂಬರ್ ಕೊನೆಯಲ್ಲಿ ಪ್ರಕಟವಾದ ಕರಡು ನಿಯಮದಂತೆ, ಸವಲತ್ತು ಸಿಗಲು ಹಿಂದಿನ ಹಣಕಾಸು ವರ್ಷದಲ್ಲಿ ಒಂದೇ ಕಂಪನಿಗೆ 90 ದಿನ, ಇಲ್ಲವೇ ಹಲವು ಕಂಪನಿ ಸೇರಿ 120 ದಿನ ದುಡಿದಿರಬೇಕು. ಸರಾಸರಿ ಹುಡುಗ ಬಾಗಿಲಲ್ಲೇ ನಿಂತ! ಒಂದು ಅನುಕೂಲವೂ ಅಲ್ಲೇ ಇದೆ. ಒಂದು ದಿನ ಒಂದು ಆರ್ಡರ್ ಮುಟ್ಟಿಸಿದರೂ ಅದು ಒಂದು ದಿನವೇ. ಒಂದೇ ದಿನ ಮೂರು ಕಂಪನಿಗೆ ದುಡಿದರೆ ಮೂರು ದಿನ. ಹಾಗಾಗಿ ಎರಡು ಆ್ಯಪ್ ಇಟ್ಟುಕೊಳ್ಳುವುದು ಬರೀ ಆರ್ಡರಿನ ಆಸೆಗಲ್ಲ.

ರಾಜ್ಯದ ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಹುಡುಗನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕ್ಷೇಮ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡಲು ಅವಕಾಶವಿದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ಕೊಟ್ಟು 14 ದಿನದ ನೋಟಿಸ್ ನೀಡಬೇಕು. ಬೆಳಗ್ಗೆ ಎದ್ದರೆ ಐಡಿ ಬ್ಲಾಕ್ ಆಗಿರುವ ಕಾಟ ಕಂಡವರಿಗೆ ಈ 14 ದಿನದ ಬೆಲೆ ಗೊತ್ತು. ತಮಿಳುನಾಡು 2023ರಲ್ಲೇ ಪ್ರತ್ಯೇಕ ಕ್ಷೇಮ ಮಂಡಳಿ ಮಾಡಿತು. 2025ರ ಬಜೆಟ್ಟಿನಲ್ಲಿ 2,000 ಮಂದಿಗೆ ಇ-ಸ್ಕೂಟರ್ ಕೊಳ್ಳಲು ತಲಾ 20,000 ರೂಪಾಯಿ ಸಹಾಯಧನ ಘೋಷಿಸಿತು. ತೇನಿಯಲ್ಲೋ ಹೊಸೂರಿನಲ್ಲೋ ಓಡಿಸುವವರು ಈ ಮಂಡಳಿಯಲ್ಲಿ, ಅತ್ತಿಬೆಲೆ ದಾಟಿ ಬೆಂಗಳೂರಿನಲ್ಲಿ ಓಡಿಸುವವರು ಕರ್ನಾಟಕದಲ್ಲಿ ಹೆಸರು ಹಚ್ಚಬೇಕು. ಕೇಂದ್ರದ ಇ-ಶ್ರಮ್ ನೋಂದಣಿ ಎರಡೂ ಕಡೆಯವರಿಗೆ ಬೇಕು.

ಈಗ ಗಾಡಿ ಓಡಿಸುತ್ತಿರುವ ಸದಸ್ಯರಲ್ಲಿ ನಮ್ಮದೊಂದು ಕೋರಿಕೆ. ಲಾಗಿನ್ ಆದ ಹೊತ್ತು, ಲಾಗೌಟ್ ಹೊತ್ತು, ಮೀಟರಿನ ಕಿ.ಮೀ., ಕೈಗೆ ಬಂದ ಹಣ, ಪೆಟ್ರೋಲ್ ಖರ್ಚು, ಇಷ್ಟನ್ನು ಆ್ಯಪ್‌ವಾರು ಒಂದು ತಿಂಗಳು ಬರೆದಿಟ್ಟು ಸಂಘಕ್ಕೆ ಕಳುಹಿಸಿ. ಹೆಸರು, ಫೋನ್ ನಂಬರ್ ಬೇಡ. ಯಾವ ಊರು, ಯಾವ ಆ್ಯಪ್ ಎಂದಿದ್ದರೆ ಸಾಕು. ಊರುವಾರು ಪಟ್ಟಿ ಮಾಡಿ ಇದೇ ಪುಟದಲ್ಲಿ ಹಾಕುತ್ತೇವೆ.