33 ಕಿಲೋಮೀಟರಿಗೆ ಟಿಕೆಟ್ ಎಷ್ಟಪ್ಪಾ?

ಈ ವಾರ ಇಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರ ಪ್ರವಾಸ ಪುರವಣಿ ಬಿಡಿಸಿದರೆ ಮತ್ತದೇ ರಾಗ: ‘ಸಂಸಾರ ಸಮೇತ ವಾರಾಂತ್ಯಕ್ಕೆ ಫ್ರಾನ್ಸ್, ಅತಿ ಅಗ್ಗ’. ದಪ್ಪಕ್ಷರದ ದರದ ತಲೆಯ ಮೇಲೆ ಒಂದು ನಕ್ಷತ್ರ ಚಿಹ್ನೆ. ಆ ನಕ್ಷತ್ರದ ಜಾಡು ಹಿಡಿದು ಪುಟದ ತಳಕ್ಕಿಳಿದರೆ ಭೂತಗನ್ನಡಿಗಷ್ಟೇ ಕಾಣುವ ಅಕ್ಷರಗಳಲ್ಲಿ ಅಸಲಿ ಸಂಗತಿ ಇತ್ತು. ಮಂಗಳವಾರ ಹೊರಡಬೇಕು, ಅದೂ ಕೋಳಿ ಕೂಗುವ ಮುಂಚೆ. ಮಂಗಳವಾರ ಯಾವ ದೇಶದ ವಾರಾಂತ್ಯ ಸ್ವಾಮಿ?

ಮಕ್ಕಳ ಶಾಲೆ ತಪ್ಪಿಸಿ ಹೋಗೋಣವೆಂದರೆ, ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದ ಗೈರುಹಾಜರಿ ಹತ್ತು ವಾರಗಳೊಳಗೆ ಐದು ದಿನ ಮುಟ್ಟಿತೆಂದರೆ ದಂಡದ ಚೀಟಿ ಬರಬಹುದು. ಒಂದೊಂದು ಮಗುವಿಗೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ ಬೇರೆ 80. ಎರಡು ಮಕ್ಕಳಾದರೆ 320. ಹಾಗಾಗಿ ಮಕ್ಕಳಿರುವವರೆಲ್ಲ ಶುಕ್ರವಾರ ಸಂಜೆಯೇ ಹೊರಡುತ್ತಾರೆ. ಅದು ಹಡಗಿನವರಿಗೂ ಗೊತ್ತು, ರೈಲಿನವರಿಗೂ ಗೊತ್ತು.

ನನ್ನ ಹಳೇ ಹಠ ಓದುಗರಿಗೆ ಹೊಸದಲ್ಲ. ದರವನ್ನು ಬೋರ್ಡಿನ ಮೇಲೆ ಬರೆದು ನೇತುಹಾಕಬೇಕು, ಬಂದವರೆಲ್ಲ ಅದನ್ನೇ ಕೊಡಬೇಕು. ಇಂಗ್ಲಿಷ್ ಕಡಲ್ಗಾಲುವೆಯ ಅತಿ ಕಿರಿದಾದ ಜಾಗದಲ್ಲಿ ಆಚೆ ದಡಕ್ಕೆ ಸುಮಾರು 33 ಕಿಲೋಮೀಟರ್. ಶುಕ್ರವಾರ ಸಂಜೆಯಾಯಿತೆಂದು ಆ ನೀರೇನೂ ಅಗಲವಾಗುವುದಿಲ್ಲ. ದರ ಮಾತ್ರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಹೆಂಡತಿಯನ್ನು ಕೇಳಿ ಬರುವಷ್ಟರಲ್ಲಿ ಇನ್ನೊಂದು.

ಇಷ್ಟಾದರೂ ಹೊರಟೇ ತೀರುತ್ತೇನೆ ಎನ್ನುವ ಸಂಸಾರಸ್ಥರು ಕಾರಿನಲ್ಲಿ ಹೋಗುವುದು ಮೇಲು. ಕಡಲ್ಗಾಲುವೆಯ ಅಡಿಯ ಸುರಂಗದಲ್ಲಿ ಕಾರುಗಳನ್ನೇ ಹೊತ್ತೊಯ್ಯುವ ಲೆಶಟಲ್ ರೈಲಿನಲ್ಲಿ ದರ ಕಾರಿಗೆ, ತಲೆಗಲ್ಲ. ಒಳಗೆ ಒಂಬತ್ತು ಜನ ಕೂತರೂ ಅಷ್ಟೇ. ಫೋಕ್‌ಸ್ಟನ್‌ನಿಂದ ಕ್ಯಾಲೆಗೆ 35 ನಿಮಿಷ. ಡೋವರಿನಿಂದ ಹಡಗಾದರೆ ಕ್ಯಾಲೆಗೆ ಒಂದೂವರೆ ಗಂಟೆ, ಡನ್‌ಕರ್ಕ್‌ಗೆ ಎರಡು. ಆ ಹೆಚ್ಚುವರಿ ಅರ್ಧ ಗಂಟೆಗೆ ಹೆದರಿ ಜನ ಡನ್‌ಕರ್ಕ್ ದರವನ್ನು ನೋಡುವುದೇ ಇಲ್ಲ. ನೋಡಿ.

ಯೂರೋಸ್ಟಾರ್ ಮಾತ್ರ ತಲೆಗೊಂದು ಟಿಕೆಟ್ ಕೇಳುತ್ತದೆ. ನಾಲ್ಕು ವರ್ಷದೊಳಗಿನ ಕೂಸು ತೊಡೆಯ ಮೇಲೆ ಕೂತರೆ ಉಚಿತ. 1994ರಿಂದ ಈ ಸುರಂಗದಲ್ಲಿ ಲಂಡನ್‌ನಿಂದ ಪ್ಯಾರಿಸ್‌ಗೆ ರೈಲು ಓಡಿಸುತ್ತಿರುವುದು ಅದೊಂದೇ. ಎದುರಾಳಿಯೇ ಇಲ್ಲದವನು ದರ ಏಕೆ ಇಳಿಸುತ್ತಾನೆ? 2020ರಲ್ಲಿ ಕೋವಿಡ್ ನೆಪದಲ್ಲಿ ಕೆಂಟ್ ಪ್ರಾಂತ್ಯದ ಆಶ್‌ಫರ್ಡ್ ಮತ್ತು ಎಬ್ಸ್‌ಫ್ಲೀಟ್ ನಿಲ್ದಾಣಗಳನ್ನು ಕೈಬಿಟ್ಟಿತು. ಕೋವಿಡ್ ಹೋಯಿತು, ರೈಲು ವಾಪಸಾಗಲಿಲ್ಲ. ಆಶ್‌ಫರ್ಡಿನವರು ಫ್ರಾನ್ಸಿಗೆ ಬೆನ್ನು ತೋರಿಸಿ ಲಂಡನ್ನಿಗೆ ಹೋಗಿ, ರೈಲು ಹತ್ತಿ, ತಮ್ಮೂರನ್ನು ಕಿಟಕಿಯಲ್ಲಿ ನೋಡುತ್ತ ಫ್ರಾನ್ಸಿಗೆ ಹೋಗಬೇಕು.

ಹಿಂದೆ ಇಲ್ಲಿ ಪತ್ರಿಕೆಯ ಕೂಪನ್ ಕತ್ತರಿಸಿಕೊಂಡು ಒಂದು ಪೌಂಡಿಗೆ ಕ್ಯಾಲೆಗೆ ಹೋಗಿ ಬಂದವರಿದ್ದಾರೆ. ಅದೇನು ಧರ್ಮಾರ್ಥವಲ್ಲ. ಹಡಗಿನ ಸುಂಕರಹಿತ ಅಂಗಡಿಯ ವಿಸ್ಕಿ, ಸಿಗರೇಟು ಆ ಟಿಕೆಟ್ಟಿನ ಖರ್ಚು ಹೊರುತ್ತಿದ್ದವು. 1999ರ ಮಧ್ಯಭಾಗದಲ್ಲಿ ಯುರೋಪಿನ ಒಕ್ಕೂಟದೊಳಗೆ ಆ ವ್ಯಾಪಾರ ನಿಂತಿತು. ಆಮೇಲೆ ಅಗ್ಗದ ಭಾರ ನಾವಿಕರ ಹೆಗಲಿಗೆ ಬಿತ್ತು. 2022ರ ಮಾರ್ಚ್‌ನಲ್ಲಿ ಪಿ ಅಂಡ್ ಒ ಹಡಗು ಕಂಪನಿ ಸುಮಾರು 800 ನಾವಿಕರನ್ನು ಒಂದೇ ದಿನ ಮನೆಗೆ ಕಳಿಸಿತು. ಬದಲಿಗೆ ಬಂದವರಿಗೆ ಸರಾಸರಿ ಗಂಟೆಗೆ ಐದೂವರೆ ಪೌಂಡ್ ಎಂದು ಕಂಪನಿಯ ಮುಖ್ಯಸ್ಥರೇ ಸಂಸದರ ಮುಂದೆ ಹೇಳಿದರು. ಆಗ ಈ ದೇಶದ ಕನಿಷ್ಠ ಕೂಲಿ 8.91 ಪೌಂಡ್. ಅಗ್ಗದ ಟಿಕೆಟ್ ಕಂಡಾಗಲೆಲ್ಲ ನನಗೆ ಇದು ನೆನಪಾಗಿ ಬಾಯಿ ಕಹಿಯಾಗುತ್ತದೆ. ಹಾಗಂತ ದುಬಾರಿ ಟಿಕೆಟ್ಟಿನ ದುಡ್ಡು ನಾವಿಕನಿಗೆ ಹೋಗುತ್ತದೆಂದು ನಂಬುವಷ್ಟು ಮುಗ್ಧನೂ ನಾನಲ್ಲ.

ನಮ್ಮವರ ಪಾಡು ಇನ್ನೊಂದು ಬಗೆ. ಸ್ಲೌನಲ್ಲಿರುವ ಹಾಸನದ ಕಡೆಯ ಗೆಳೆಯನೊಬ್ಬ, “ಕಾರಿಗೆ ಭಾರೀ ಕಮ್ಮಿ ದರ ಸಿಕ್ಕಿದೆ ಕಣಯ್ಯ” ಎಂದು ಫೋನು ಮಾಡಿದ. ಮಕ್ಕಳದು ಬ್ರಿಟಿಷ್ ಪಾಸ್‌ಪೋರ್ಟ್, ಗಂಡ ಹೆಂಡಿರದು ಭಾರತದ್ದು. “ವೀಸಾ?” ಎಂದೆ. ಆಚೆ ಕಡೆ ಸದ್ದಿಲ್ಲ. ಫ್ರಾನ್ಸಿಗೆ ಬೇಕಾದ ಷೆಂಗನ್ ವೀಸಾಕ್ಕೆ ದೊಡ್ಡವರಿಗೆ ತಲಾ 90 ಯೂರೋ. 2024ರ ಜೂನ್‌ವರೆಗೆ 80 ಇತ್ತು. ಮೇಲೆ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಸೇವಾ ಶುಲ್ಕ. ಅಪಾಯಿಂಟ್‌ಮೆಂಟಿಗೆ ಒಂದು ದಿನದ ರಜೆ. ಹೋಗುವುದು ಎರಡು ರಾತ್ರಿಗೆ.

ಎಲ್ಲಕ್ಕಿಂತ ಸೊಗಸಾದದ್ದು ಇದರೊಳಗಿನ ಕುಣಿಕೆ. ವೀಸಾ ಅರ್ಜಿಯ ಜೊತೆ ಪ್ರಯಾಣದ ಬುಕಿಂಗ್ ತೋರಿಸಿ ಎನ್ನುತ್ತಾರೆ. ಅತಿ ಅಗ್ಗದ ಟಿಕೆಟ್ ಆದರೋ, ರದ್ದು ಮಾಡಿದರೆ ದುಡ್ಡು ಬರುವುದಿಲ್ಲ. ವೀಸಾ ಸಿಗದಿದ್ದರೆ ಟಿಕೆಟ್ಟಿನ ದುಡ್ಡು, ವೀಸಾ ಶುಲ್ಕ ಎರಡೂ ಹೋದವು.

ಊರಿನಿಂದ ಮಗಳ ಮನೆಗೆಂದು ಲಂಡನ್ನಿಗೆ ಬರಲಿರುವ ಹಿರಿಯರಲ್ಲಿ ಒಂದು ವಿನಂತಿ. ಪ್ಯಾರಿಸ್ ಪಕ್ಕದಲ್ಲೇ ಇದೆ ಎಂದು ನಕಾಶೆ ಹೇಳುತ್ತದೆ, ನಂಬಬೇಡಿ. ಷೆಂಗನ್ ವೀಸಾವನ್ನು ಭಾರತ ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. ಟಿಕೆಟ್ಟಿನ ಚಿಂತೆ ಅಳಿಯಂದಿರಿಗೆ ಬಿಡಿ. ಅವರು ಹೇಗೂ ರಾತ್ರಿಯೆಲ್ಲ ಕೂತು ದರ ನೋಡುತ್ತಿರುತ್ತಾರೆ, ಏರುವವರೆಗೂ.